ಸತ್ತ ಮಂಗನ ಮೇಲೆ ಹೊರಿಸಿದ ಆರೋಪ

ಸಂಕ್ರಾಂತಿಯ ಆಚೀಚೆ ಮಲೆನಾಡಿನ ಯಾವ ಊರಿಗೆ ಹೋದರೂ ಚಹದಂಗಡಿಯಲ್ಲೋ ಹಾಲಿನ ಸೊಸೈಟಿಯಲ್ಲೋ ಒಂದು ಸುದ್ದಿ ಕಿವಿಗೆ ಬೀಳುತ್ತದೆ: "ಆ ಹಾಡ್ಯದಲ್ಲಿ ಮಂಗ ಸತ್ತು ಬಿದ್ದಿದ್ಯಂತೆ." ಅದರ ಬೆನ್ನಿಗೇ ಇನ್ನೊಂದು ಮಾತು: "ಇವನ್ನೆಲ್ಲ ಹಿಡಿಸಿ ದೂರ ಎಲ್ಲಾದರೂ ಬಿಟ್ಟು ಬಂದರೆ ಕಾಯಿಲೆಯೂ ಹೋಗ್ತದೆ, ತೋಟವೂ ಉಳೀತದೆ." ಗ್ರಾಮಸಭೆಯಲ್ಲಿ, ಜನಪ್ರತಿನಿಧಿಗಳಿಗೆ ಕೊಡುವ ಮನವಿಯಲ್ಲಿ ಇದೇ ಮಾತು ಮಂಕಿ ಪಾರ್ಕಿನ ಬೇಡಿಕೆಯಾಗಿ, ಮಂಗಗಳ ಸ್ಥಳಾಂತರದ ಬೇಡಿಕೆಯಾಗಿ ಮತ್ತೆ ಮತ್ತೆ ಬರುತ್ತದೆ. ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ. ಮಂಗನ ಕಾಯಿಲೆ ಮಂಗನಿಂದ ಬರುತ್ತದೆ, ಮಂಗ ಹೋದರೆ ಕಾಯಿಲೆ ಹೋಗುತ್ತದೆ ಎಂಬ ಈ ನಂಬಿಕೆ ತಪ್ಪು. ದಶಕಗಳಿಂದ ನಮ್ಮ ಕಣ್ಣನ್ನು ಬೇಡದ ದಿಕ್ಕಿಗೆ ತಿರುಗಿಸಿಟ್ಟ ತಪ್ಪು ಅದು. ಅದಕ್ಕೆ ಬೆಲೆ ತೆತ್ತವರು ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಹೆಂಗಸರು ಮತ್ತು ಕೂಲಿಯವರು.

ಈ ಕಾಯಿಲೆಗೆ ಎರಡು ಹೆಸರುಗಳಿವೆ. ವಿಜ್ಞಾನಿಗಳು ಇಟ್ಟದ್ದು ಕ್ಯಾಸನೂರು ಅರಣ್ಯ ಕಾಯಿಲೆ ಅಂತ. ಜನ ಇಟ್ಟದ್ದು ಮಂಗನ ಕಾಯಿಲೆ ಅಂತ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಹಳ್ಳಿಗರಿಗೆ ಜ್ವರ ಬಂತು. ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂದುಬಿಟ್ಟಿತೋ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಸೊರಬ, ಸಾಗರದ ಕಡೆ ಬಂದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬರುವ ಮುಂಚೆ ಕಾಡಿನ ಮಂಗಗಳು ಸಾಯುವುದನ್ನು ಅವರು ಬಲ್ಲವರು. ಸತ್ತ ಮಂಗಗಳಿಂದ ಅವರು ಪ್ರತ್ಯೇಕಿಸಿದ ವೈರಸ್ಸು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಹತ್ತಿರದ ಬಂಧು ಅದು.

ಹಳ್ಳಿಯವರು ಮಂಗನ ಕಾಯಿಲೆ ಎಂಬ ಹೆಸರಿಟ್ಟಾಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಮಂಗ ಸತ್ತರೆ ಎಚ್ಚರವಾಗಿರು ಎನ್ನುವ ತಿಳಿವಳಿಕೆ ಅದರಲ್ಲಿತ್ತು. ಯಾವ ಪ್ರಯೋಗಾಲಯಕ್ಕೂ ಕಡಿಮೆಯಿಲ್ಲದ ಗಮನಿಕೆ ಅದು. ಆಮೇಲೆ ಅದೇ ಹೆಸರು ಬರುಬರುತ್ತಾ ಆರೋಪವಾಯಿತು. ಎಚ್ಚರಿಕೆ ಕೊಟ್ಟವನೇ ಅಪರಾಧಿಯಾದ.

ಹಾಗಾದರೆ ಕಾಯಿಲೆ ನಡೆಯುವ ದಾರಿ ಯಾವುದು? ಅದು ಉಣುಗಿನ ದಾರಿ. ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು ಇದರ ಮುಖ್ಯ ವಾಹಕ. ಮಳೆಗಾಲದಲ್ಲಿ ಬೆಳೆದ ಹೆಣ್ಣು ಉಣುಗು ದನ, ಕಾಟಿ, ಕಡವೆಯಂಥ ದೊಡ್ಡ ಪ್ರಾಣಿಯ ರಕ್ತ ಹೀರಿ ಕೆಳಗೆ ಬಿದ್ದು, ತರಗೆಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬರುತ್ತವೆ. ಅವು ಇಲಿ, ಮೂಗಿಲಿ, ಅಳಿಲು, ನೆಲದ ಮೇಲೆ ಓಡಾಡುವ ಹಕ್ಕಿ, ಮಂಗ ಹೀಗೆ ಸಿಕ್ಕವರ ಮೈಗೆ ಹತ್ತುತ್ತವೆ. ಹೀರಿದ ರಕ್ತದಲ್ಲಿ ವೈರಸ್ಸಿದ್ದರೆ ಅದು ಮರಿಯ ಮೈಯಲ್ಲೇ ಉಳಿದು, ಪೊರೆ ಕಳಚಿದ ಮೇಲೂ ಮುಂದಿನ ಹಂತಕ್ಕೆ ದಾಟುತ್ತದೆ. ಈ ಎರಡನೆಯ ಹಂತದ ಎಳೆಯ ಉಣುಗು ಗಸಗಸೆ ಕಾಳಿನಷ್ಟು ಇರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ನವೆಂಬರಿನಿಂದ ಮೇ ತನಕ ಇದರ ಕಾಲ, ಜನವರಿಯಿಂದ ಮಾರ್ಚ್ ಇದರ ಸುಗ್ಗಿ. ಮನುಷ್ಯರಿಗೆ ಜ್ವರ ತರುವುದು ಹೆಚ್ಚಾಗಿ ಇದೇ.

ಈ ಇಡೀ ಸುತ್ತಿನಲ್ಲಿ ಮಂಗ ಮನುಷ್ಯನಿಗೆ ಕಾಯಿಲೆ ದಾಟಿಸುವ ಜಾಗ ಎಲ್ಲೂ ಇಲ್ಲ. ಮಂಗ ಕಚ್ಚಿದರೆ, ಪರಚಿದರೆ, ತೋಟದ ಬಾಳೆಗೊನೆಗೆ ಕೈಹಾಕಿದರೆ ಈ ಜ್ವರ ಬರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೂ ಬರುವುದಿಲ್ಲ. ಕಾಯಿಲೆ ಬಿದ್ದ ಮನೆಗೆ ನೀರು ಕೊಡಲೂ ಹಿಂಜರಿಯುವವರನ್ನು ನಾನು ನೋಡಿದ್ದೇನೆ. ಆ ಭಯಕ್ಕೂ ಮಂಗನ ಮೇಲಿನ ಸಿಟ್ಟಿಗೂ ಬೇರು ಒಂದೇ: ಕಾಯಿಲೆಯ ದಾರಿ ತಿಳಿಯದಿರುವುದು.

ಮಂಗನಿಗೆ ಆಗುವುದೇನು ಎಂದು ನೋಡಿದರೆ ಅದು ನಮ್ಮಂತೆಯೇ ರೋಗಿ ಎನ್ನುವುದು ಸ್ಪಷ್ಟವಾಗುತ್ತದೆ. ಉಣುಗು ಕಚ್ಚಿದಾಗ ಒಳಹೊಕ್ಕ ವೈರಸ್ಸು ಎಂಥ ಉಪಾಯ ಮಾಡುತ್ತದೆ ಎಂಬುದು ಈಚಿನ ವರ್ಷಗಳಲ್ಲಿ ಒಂದಿಷ್ಟು ತಿಳಿದಿದೆ. ವೈರಸ್ಸು ನುಗ್ಗಿದೊಡನೆ ಜೀವಕೋಶಗಳು ಇಂಟರ್‌ಫೆರಾನ್ ಎಂಬ ವಸ್ತುವಿನ ಮೂಲಕ ಅಕ್ಕಪಕ್ಕದವರಿಗೆ ಕೂಗಿ ಹೇಳುತ್ತವೆ. ಈ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನು ಆ ಕೂಗು ಕೇಳಿಸಿಕೊಳ್ಳುವ ವ್ಯವಸ್ಥೆಯನ್ನೇ ಕಟ್ಟಿಹಾಕುತ್ತದೆ. ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟರೂ ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಹೆಚ್ಚೇನೂ ಮಾಡಲಾರದೆಂದು 2012ರ ಅಧ್ಯಯನವೊಂದು ತೋರಿಸಿತು. ದೇಹ ಎದ್ದು ನಿಲ್ಲುವ ಹೊತ್ತಿಗೆ ವೈರಸ್ಸು ರಕ್ತದಲ್ಲಿ ತುಂಬಿಕೊಂಡಿರುತ್ತದೆ. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಕಾಕ್ ಜಾತಿಯ ಮಂಗಗಳಿಗೆ ಸೋಂಕು ತಗುಲಿಸಿ ನೋಡಿದರು. ಬಿಳಿ ರಕ್ತಕಣ ಇಳಿಯುವುದು, ನಿರ್ಜಲತೆ, ದುಗ್ಧಗ್ರಂಥಿಗಳ ಊತ, ರಕ್ತಸ್ರಾವದ ಲಕ್ಷಣ, ಕರುಳಿನಲ್ಲಿ ವೈರಸ್ಸು ಬೀಡುಬಿಡುವುದು ಇವೆಲ್ಲ ಅವುಗಳಲ್ಲಿ ಕಂಡವು. ತೀರ್ಥಹಳ್ಳಿಯ ವಾರ್ಡಿನಲ್ಲಿ ಮಲಗಿದ ರೋಗಿಯ ಕೇಸ್‌ಶೀಟಿನಲ್ಲಿ ಕಾಣುವುದೂ ಹೆಚ್ಚು ಕಡಿಮೆ ಇದೇ.

ಇಲ್ಲಿ ಒಂದು ಮಾತು ಸೇರಿಸಬೇಕು. ದಶಕಗಳ ಕಾಲ ಈ ವೈರಸ್ಸನ್ನು ಅಭ್ಯಾಸ ಮಾಡಿದ್ದು ಇಲಿಮರಿಗಳಲ್ಲಿ. ಇಲಿಯಲ್ಲಿ ಅದು ಮಿದುಳಿಗೇ ನುಗ್ಗುತ್ತದೆ. ಮನುಷ್ಯನಲ್ಲಿ ಕಾಣುವ ರಕ್ತಸ್ರಾವದ ರೂಪ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಮನುಷ್ಯನ ಕಾಯಿಲೆಯನ್ನು ಅರಿಯಲು ಮಂಗನ ಕಾಯಿಲೆಯನ್ನೇ ಅರಿಯಬೇಕಾಗಿತ್ತು. ನಾವು ಮಂಗನನ್ನು ಹೆಸರಿಗೆ ಮಾತ್ರ ಹಿಡಿದುಕೊಂಡೆವು, ಅದರ ಮೈಯಲ್ಲಿ ನಡೆಯುವುದನ್ನು ನೋಡಲು ತಡಮಾಡಿದೆವು.

ಎದುರು ವಾದ ಗೊತ್ತಿದೆ, ಅದರಲ್ಲಿ ಹುರುಳಿಲ್ಲವೆಂದೂ ನಾನು ಹೇಳುವುದಿಲ್ಲ. ಸೋಂಕು ತಗುಲಿದ ಮಂಗನ ರಕ್ತದಲ್ಲಿ ವೈರಸ್ಸು ವಿಪರೀತ ಹೆಚ್ಚುತ್ತದೆ. ಅದರ ಮೈಮೇಲಿನ ಮರಿ ಉಣುಗುಗಳೆಲ್ಲ ಸೋಂಕು ಹೀರಿಕೊಳ್ಳುತ್ತವೆ. ಮಂಗ ಸತ್ತು ಬಿದ್ದ ಜಾಗದಲ್ಲಿ ಅವೆಲ್ಲ ಉದುರಿ, ಆ ಜಾಗ ಬೆಂಕಿಯ ಕೊಳ್ಳಿಯಂತಾಗುತ್ತದೆ. ಸತ್ತ ಮಂಗನ ಸುತ್ತ 50 ಮೀಟರ್ ಕೀಟನಾಶಕ ಸಿಂಪಡಿಸುವುದು ಇದೇ ಕಾರಣಕ್ಕೆ. ಹಾಗಾದರೆ ಮಂಗಗಳನ್ನು ಇಲ್ಲಿಂದ ಸಾಗಿಸುವುದು ಸರಿಯಲ್ಲವೇ ಎಂದು ಕೇಳುತ್ತಾರೆ. ಯೋಚಿಸಿ ನೋಡಿ. ಸೋಂಕಿರುವ ಕಾಡಿನಲ್ಲಿ ಬಲೆ ಹಾಕಿ ಹಿಡಿದ ಮಂಗನ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಇರುತ್ತದೆ. ರಕ್ತದಲ್ಲಿ ವೈರಸ್ಸೂ ಇರಬಹುದು. ಆ ಮಂಗನನ್ನು ಲಾರಿಯಲ್ಲಿ ತುಂಬಿ ನೂರು ಕಿಲೋಮೀಟರ್ ಆಚೆ ಬಿಡುವುದೆಂದರೆ ಕಾಯಿಲೆಯನ್ನು ನಾವೇ ಕೈಯಾರೆ ಹೊತ್ತು ಆ ಊರಿಗೆ ತಲುಪಿಸಿದ ಹಾಗೆ. ಬಿಟ್ಟುಬಂದ ಜಾಗವೂ ಖಾಲಿ ಉಳಿಯುವುದಿಲ್ಲ. ತಿನ್ನಲು ಸಿಗುವಲ್ಲಿಗೆ ಪಕ್ಕದ ಹಿಂಡು ಬರುತ್ತದೆ. ಉಣುಗಂತೂ ಅಲ್ಲೇ ಇರುತ್ತದೆ. ದನದ ಮೈಯಲ್ಲಿ, ಇಲಿಯ ಮೈಯಲ್ಲಿ, ಎಲೆಯ ತುದಿಯಲ್ಲಿ.

ಬ್ರೆಜಿಲ್‌ನಲ್ಲಿ ನಡೆದದ್ದು ನಮಗೆ ಪಾಠವಾಗಬೇಕಿತ್ತು. 2016ರಿಂದ 2018ರವರೆಗೆ ಅಲ್ಲಿ ಹಳದಿ ಜ್ವರ ಹಬ್ಬಿದಾಗ ಕಾಡಿನ ಮಂಗಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಜ್ವರ ಹರಡುವುದು ಸೊಳ್ಳೆ. ಆದರೂ ಹೆದರಿದ ಜನ ಮಂಗಗಳನ್ನೇ ಹೊಡೆದರು, ವಿಷವಿಟ್ಟರು. ಯಾವ ಕಾಡಿಗೆ ವೈರಸ್ಸು ಬಂದಿದೆ, ಲಸಿಕೆಯನ್ನು ಯಾವ ಊರಿಗೆ ಮೊದಲು ಒಯ್ಯಬೇಕು ಎಂದು ತೋರಿಸುತ್ತಿದ್ದುದೇ ಮಂಗಗಳ ಸಾವು. ಮನುಷ್ಯ ಕೊಂದ ಮಂಗನ ಹೆಣ ಆ ಸುದ್ದಿಯನ್ನು ಕೊಡುವುದಿಲ್ಲ. ಆಮೇಲೆ 2022ರಲ್ಲಿ ಮಂಕಿಪಾಕ್ಸ್ ಬಂದಾಗಲೂ ಅದೇ ದೇಶದಿಂದ ಮಂಗಗಳ ಮೇಲೆ ದಾಳಿಯ ವರದಿಗಳು ಬಂದವು. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿತೆಂಬುದಷ್ಟೇ ಆ ಹೆಸರಿಗೆ ಕಾರಣ. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಹೆಸರನ್ನು ಎಂಪಾಕ್ಸ್ ಎಂದು ಬದಲಿಸಿತು. ಹೆಸರಿನಲ್ಲೇನಿದೆ ಎನ್ನುವವರು ಇದನ್ನು ನೆನಪಿಡಬೇಕು.

ಮಂಗನ ಮೇಲೆ ಕಣ್ಣಿಟ್ಟು ಕುಳಿತವರಿಗೆ ಕಾಣದೆ ಹೋದದ್ದು ಕಾಡಿನ ಅಂಚು. 1969ರಲ್ಲಿಯೇ ಜಾರ್ಜ್ ಬೋಶೆಲ್ ಎಂಬ ಕೊಲಂಬಿಯಾದ ವೈದ್ಯ ಈ ಕಾಯಿಲೆಯ ಪರಿಸರದ ಬಗ್ಗೆ ಬರೆದರು. ದಟ್ಟ ಕಾಡನ್ನು ಕಡಿದು ಗದ್ದೆ, ಬ್ಯಾಣ, ಪೊದೆಗಳ ಮಿಶ್ರಣ ಮಾಡಿ ಅದರೊಳಗೆ ದನ ಮೇಯಿಸಿದಾಗ ಉಣುಗು ಮಿತಿಮೀರಿ ಹೆಚ್ಚುತ್ತದೆ, ಕಾಡಿನೊಳಗೆ ಮೆಲ್ಲಗೆ ಸುತ್ತುತ್ತಿದ್ದ ವೈರಸ್ಸು ಆಗ ಭುಗಿಲೇಳುತ್ತದೆ ಎಂಬುದು ಅವರ ವಾದ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಕಡಿಸಿದ ಹೊತ್ತಿನಲ್ಲಿ ಕಾಯಿಲೆ ಭೀಕರವಾಗಿ ಎದ್ದಿತು. ಅಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ತಮ್ಮ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಆಮೇಲೆ ಕಾಯಿಲೆ ಬಂಡೀಪುರ, ನೀಲಗಿರಿ, ವಯನಾಡು ಮುಟ್ಟಿತು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಸತ್ತರಿಯಲ್ಲಿ ಬಿದ್ದವರಲ್ಲಿ ಗೇರುಬೀಜ ಆರಿಸುವವರು ಬಹಳ. 2020ರಲ್ಲಿ ಬೆಥನ್ ಪರ್ಸ್ ಮತ್ತು ಭಾರತದ ಹಲವು ಸಂಸ್ಥೆಗಳ ಸಂಶೋಧಕರು ಕೂಡಿ ಮಾಡಿದ ನಕ್ಷೆಯಲ್ಲೂ ಅಪಾಯ ಹೆಚ್ಚೆಂದು ಕಂಡದ್ದು ನಿತ್ಯಹರಿದ್ವರ್ಣ ಕಾಡೂ ತೋಟವೂ ಹೆಣೆದುಕೊಂಡ, ನಾಡದನಗಳು ಹೆಚ್ಚಿರುವ ಜಾಗಗಳಲ್ಲಿ. ಐವತ್ತು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ವಿಧಾನ ಹಿಡಿದವರು ಬಂದು ನಿಂತದ್ದು ಅದೇ ಅಂಚಿನಲ್ಲಿ.

ಇದನ್ನು ಓದಿ ಯಾರಾದರೂ ಮಂಗನನ್ನು ಬಿಟ್ಟು ದನದ ಮೇಲೆ, ದನ ಸಾಕಿದವರ ಮೇಲೆ ತಪ್ಪು ಹೊರಿಸಿದರೆ ಅದೂ ಅದೇ ಹಳೆಯ ತಪ್ಪು. ದನದ ರಕ್ತದಲ್ಲಿ ಈ ವೈರಸ್ಸು ಹೆಚ್ಚುವುದಿಲ್ಲ. ಅದು ಬೆಳೆದ ಉಣುಗಿಗೆ ಊಟ ಕೊಡುತ್ತದೆ, ಅಷ್ಟೆ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು, ಅಡಿಕೆ ಬುಡಕ್ಕೆ ಹಾಕಲು ತರಗೆಲೆ ಬೇಕು. ಅದು ಉದುರುವುದು ಚಳಿ ಮುಗಿಯುವ ಹೊತ್ತಿಗೆ. ಗುಡಿಸಿ ತರುವುದೂ ಆಗಲೇ, ಎಳೆಯ ಉಣುಗಿನ ಸುಗ್ಗಿಯಲ್ಲಿ. ಕಲ್ಲಿ ತುಂಬ ತರಗೆಲೆ ತುಂಬಿ ತಲೆಯ ಮೇಲೆ ಹೊತ್ತು ಇಳಿಯುವ ಹೆಂಗಸಿನ ಕುತ್ತಿಗೆ, ತೋಳು, ಬೆನ್ನು ಇವುಗಳಿಗೂ ಆ ಎಲೆಗೂ ನಡುವೆ ಒಂದು ಹತ್ತಿ ಸೀರೆಯ ಸೆರಗು ಮಾತ್ರ. ಬೆಟ್ಟಕ್ಕೆ ಹೋಗಬೇಡಿ ಎಂದು ಕರಪತ್ರ ಹಂಚುವುದು ಸುಲಭ. ಹೋಗದಿದ್ದರೆ ಅವಳ ಅಂದಿನ ಕೂಲಿ ಯಾರು ಕೊಡುತ್ತಾರೆ?

ಮಂಗನನ್ನು ಕೇಂದ್ರದಲ್ಲಿಟ್ಟ ನೋಟ ಆಡಳಿತವನ್ನೂ ಹಾಗೆಯೇ ಹರಿದು ಹಂಚಿದೆ. ಮಂಗ ಬದುಕಿರುವಾಗ ಅರಣ್ಯ ಇಲಾಖೆಯದು. ಸತ್ತ ಮೇಲೆ ಕುಯ್ದು ನೋಡಲು ಪಶುವೈದ್ಯರು ಬರಬೇಕು. ಮನುಷ್ಯನಿಗೆ ಜ್ವರ ಬಂದರೆ ಆರೋಗ್ಯ ಇಲಾಖೆ. ದನದ ಮೈಮೇಲಿನ ಉಣುಗು ಪಶುಪಾಲನಾ ಇಲಾಖೆಗೆ ಹಾಲು ಕಡಿಮೆ ಮಾಡುವ ಪರೋಪಜೀವಿ. ಅದೇ ಉಣುಗು ಎಲೆಯ ಮೇಲೆ ಕೂತರೆ ಆರೋಗ್ಯ ಇಲಾಖೆಗೆ ರೋಗವಾಹಕ. ಒಂದೇ ಜೀವಿಯನ್ನು ಇಬ್ಬರು ಎರಡು ಕಡತಗಳಲ್ಲಿ ನೋಡುತ್ತಾರೆ, ಕಡತಗಳು ಒಂದನ್ನೊಂದು ನೋಡುವುದು ಅಪರೂಪ. ಒಬ್ಬ ಪರಿಚಯದ ರೈತರು ತಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಮುಸಿಯ ಜಾತಿಯ ಮಂಗ ಸತ್ತಿದೆ ಎಂದು ತಿಳಿಸಲು ಬೆಳಿಗ್ಗೆಯಿಂದ ಫೋನು ಹಿಡಿದು ಕೂತಿದ್ದರು. ನಮಗಲ್ಲ, ಅವರಿಗೆ ಹೇಳಿ ಎಂದು ಒಂದು ಕಚೇರಿ, ಮೊದಲು ಇವರಿಗೆ ಹೇಳಿ ಎಂದು ಮತ್ತೊಂದು. ಸಂಜೆಯ ಹೊತ್ತಿಗೆ ಹೆಣವನ್ನು ನಾಯಿಗಳು ಎಳೆದಾಡಿದ್ದವು. ಅದರ ಮೈಯಲ್ಲಿದ್ದ ಉಣುಗುಗಳು ಯಾವ ಕಚೇರಿಗೂ ಕಾಯಲಿಲ್ಲ.

2021ರಲ್ಲಿ ಪ್ರಕಟವಾದ ಒಂದು ವಿಮರ್ಶೆ ನಮ್ಮ ಕಣ್ಣು ತೆರೆಸಬೇಕು. ಈ ಕಾಯಿಲೆಯ ಹತೋಟಿಗೆ ಹೇಳುತ್ತ ಬಂದ ಕ್ರಮಗಳಿಗೆ ಪರಿಸರ ವಿಜ್ಞಾನದ ಆಧಾರ ಎಷ್ಟಿದೆ ಎಂದು ಸಂಶೋಧಕರು ಹುಡುಕಿದಾಗ ಸಿಕ್ಕದ್ದು ಬಹಳ ತೆಳುವಾದ ಆಧಾರ. ಹೆಚ್ಚಿನ ತಿಳಿವಳಿಕೆ 1950, 60ರ ದಶಕಗಳ ಕ್ಷೇತ್ರಕಾರ್ಯದಿಂದ ಬಂದದ್ದು. ಯಾವ ಸಣ್ಣ ಪ್ರಾಣಿ ಎಷ್ಟು ವೈರಸ್ಸು ಕಾಯ್ದಿಡುತ್ತದೆ, ದನದ ಉಣುಗಿಗೆ ಮದ್ದು ಹಚ್ಚಿದರೆ ಮನುಷ್ಯರ ಜ್ವರ ಎಷ್ಟು ಇಳಿಯುತ್ತದೆ, ಯಾವ ತರದ ತೋಟದಲ್ಲಿ ಅಪಾಯ ಹೆಚ್ಚು ಎಂಬಂಥ, ರೈತನಿಗೆ ನೇರ ಬೇಕಾದ ಪ್ರಶ್ನೆಗಳಿಗೆ ಉತ್ತರ ಸಾಲದು. ಮಂಗನ ಬೆನ್ನು ಹತ್ತಿದ ನಾಡಿಗೆ ಈ ಪ್ರಶ್ನೆಗಳನ್ನು ಕೇಳುವ ಪುರಸೊತ್ತು ಸಿಗಲಿಲ್ಲ.

ಮಂಗನ ಜೊತೆಗೆ ಇನ್ನೊಂದು ನಂಬಿಕೆ ಜೋಡಿಯಾಗಿ ಬರುತ್ತದೆ: ಒಂದು ಒಳ್ಳೆಯ ಲಸಿಕೆ ಬರಲಿ, ಎಲ್ಲ ಸರಿಯಾಗುತ್ತದೆ. ಲಸಿಕೆ ಬರಬೇಕು, ಬೇಗ ಬರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹಿಂದಿನ ಲಸಿಕೆಯ ಕಥೆಯನ್ನು ಮರೆಯಬಾರದು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸು ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆಯನ್ನು 1990ರ ಹೊತ್ತಿನಿಂದ ಮಲೆನಾಡಿನವರಿಗೆ ಹಾಕುತ್ತ ಬಂದರು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷವರ್ಷ. ಕೈ ಎತ್ತಲಾಗದಷ್ಟು ನೋವು ಎಂದು ಜನ ಎರಡನೆಯ ಸಲ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಅಧ್ಯಯನದ ಪ್ರಕಾರ ಎರಡು ಡೋಸು ಪಡೆದವರಲ್ಲಿ ಅದರ ಪರಿಣಾಮ ಶೇ 62.4, ಬೂಸ್ಟರೂ ಸೇರಿದರೆ ಶೇ 82.9. ಆಮೇಲಿನ ವರ್ಷಗಳಲ್ಲಿ ತೀರ್ಥಹಳ್ಳಿಯ ಕಡೆ ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂತು. 2022ರಲ್ಲಿ ರಾಜ್ಯ ಸರ್ಕಾರ ಅದರ ಬಳಕೆಯನ್ನೇ ನಿಲ್ಲಿಸಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆ ಸೇರಿ ಹೊಸದೊಂದನ್ನು ಸಿದ್ಧಪಡಿಸುತ್ತಿದೆ.

ಆ ಲಸಿಕೆ ಎಷ್ಟೇ ಒಳ್ಳೆಯದಾಗಿ ಬಂದರೂ ಒಂದು ಸಂಗತಿ ಬದಲಾಗುವುದಿಲ್ಲ. ದಡಾರ, ಪೋಲಿಯೊದಂತೆ ಇದು ಮನುಷ್ಯರ ನಡುವೆ ಓಡಾಡುವ ಕಾಯಿಲೆ ಆಗಿದ್ದರೆ, ಹೆಚ್ಚಿನವರು ಲಸಿಕೆ ಪಡೆದಾಗ ಪಡೆಯದವರಿಗೂ ಕಾವಲು ಸಿಗುತ್ತಿತ್ತು. ಇಲ್ಲಿ ಮನುಷ್ಯ ಕೊನೆಯ ನಿಲ್ದಾಣ. ಇಡೀ ಸಾಗರ ತಾಲ್ಲೂಕಿಗೆ ಲಸಿಕೆ ಹಾಕಿದರೂ ಕಾಡಿನಲ್ಲಿರುವ ವೈರಸ್ಸು ಒಂದು ಕಣವೂ ಕಡಿಮೆಯಾಗುವುದಿಲ್ಲ. ಹಾಕಿಸಿಕೊಂಡವರಿಗೆ, ಹಾಕಿಸಿಕೊಂಡಷ್ಟು ಕಾಲ ರಕ್ಷೆ. ಉಣುಗಿನ ಕೆಲಸವನ್ನು ಬದಿಗಿಟ್ಟು ಲಸಿಕೆಯೊಂದನ್ನೇ ಕಾಯುತ್ತ ಕುಳಿತರೆ 2018ರ ಡಿಸೆಂಬರಿನಿಂದ ಅದೇ ತಾಲ್ಲೂಕಿನ ಅರಳಗೋಡಿನಲ್ಲಿ ಆದದ್ದು ಇನ್ನೊಂದು ಊರಿನಲ್ಲಿ ಆಗುತ್ತದೆ. ಆ ಒಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಕಾಯಿಲೆ ಹಲವರ ಜೀವ ತೆಗೆಯಿತು.

ಇದಕ್ಕೆ ಔಷಧಿ ಇಲ್ಲ ಎನ್ನುವ ಮಾತನ್ನೂ ನಾನು ಒಪ್ಪಲಾರೆ. ಈ ವೈರಸ್ಸನ್ನೇ ಕೊಲ್ಲುವ ಗುಳಿಗೆ ಇಲ್ಲ, ನಿಜ. ಆದರೆ ಆ ಮಾತನ್ನು ಕೇಳಿದ ಮನೆಯವರು, ಔಷಧಿಯೇ ಇಲ್ಲದ ಮೇಲೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ಏನು ಮಾಡುವುದು ಎಂದು ಮೂರು ದಿನ ಕಷಾಯ ಕುಡಿಸುತ್ತ ಕೂರುತ್ತಾರೆ. ಈ ಕಾಯಿಲೆಯಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ ಎಂದರೆ ಉಳಿದವರು ಬದುಕುತ್ತಾರೆ ಎಂದಾಯಿತು. ಆ ಅಂತರವನ್ನು ಇನ್ನಷ್ಟು ಹಿಗ್ಗಿಸುವುದು ಆರೈಕೆಯ ಕೈಯಲ್ಲಿದೆ. ದಿಢೀರನೆ ಬರುವ ಜ್ವರ, ಸಹಿಸಲಾಗದ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು ಕಂಡ ಕೂಡಲೇ ರಕ್ತ ಪರೀಕ್ಷೆ ಆಗಬೇಕು. ಪ್ಲೇಟ್‌ಲೆಟ್, ಬಿಳಿ ರಕ್ತಕಣಗಳ ಮೇಲೆ ಕಣ್ಣಿಡಬೇಕು. ದೇಹದ ನೀರು ಬತ್ತದಂತೆ ನೋಡಬೇಕು. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ತರದ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಜ್ವರ ಇಳಿದು ಮನೆಗೆ ಬಂದವರಲ್ಲಿ ಕೆಲವರಿಗೆ ಒಂದೆರಡು ವಾರದ ಮೇಲೆ ಎರಡನೆಯ ಸುತ್ತು ಜ್ವರ ಬಂದು ಮಿದುಳಿನ ಪೊರೆಯನ್ನು ಹಿಡಿಯುತ್ತದೆ. ಆಗ ಮತ್ತೆ ಆಸ್ಪತ್ರೆಗೆ ಓಡಬೇಕೆಂದು ಬಿಡುಗಡೆ ಮಾಡುವಾಗಲೇ ಹೇಳಿ ಕಳಿಸಬೇಕು.

ತೋಟ ಹಾಳುಮಾಡುವ ಮಂಗನ ಮೇಲೆ ರೈತನಿಗಿರುವ ಸಂಕಟ ಸುಳ್ಳಲ್ಲ. ಏಲಕ್ಕಿ ಹೋಯಿತು, ಬಾಳೆ ಹೋಯಿತು, ಎಳೆ ಅಡಿಕೆ ಉದುರಿಸಿತು ಎಂದು ಅಳುವವರ ಜೊತೆ ನಾನೂ ಇದ್ದೇನೆ. ಅದಕ್ಕೆ ಪರಿಹಾರ ಬೇಕು, ಬೆಳೆನಷ್ಟದ ಹಣ ಬೇಕು. ಆ ಜಗಳವನ್ನು ಆ ಜಗಳವಾಗಿಯೇ ಆಡೋಣ. ಅದಕ್ಕೆ ಕಾಯಿಲೆಯ ಬಲ ಕೂಡಿಸಲು ಹೋದರೆ ಎರಡೂ ಕೆಡುತ್ತವೆ.

ಮಾಡಬೇಕಾದ ಕೆಲಸಕ್ಕೆ ಉಣುಗೇ ಪಂಚಾಂಗ ಬರೆದುಕೊಟ್ಟಿದೆ. ಡಿಆರ್‌ಡಿಒ ರೂಪಿಸಿದ ಡೆಪಾ ಎಣ್ಣೆಯ ಬಾಟಲಿ ಮಂಗ ಸತ್ತ ಮೇಲೆ ಫೆಬ್ರುವರಿಯಲ್ಲಿ ಬಂದರೆ ಏನು ಪ್ರಯೋಜನ? ಅದು ದೀಪಾವಳಿಯ ಹೊತ್ತಿಗೆ ಆಶಾ ಕಾರ್ಯಕರ್ತೆಯ ಚೀಲದಲ್ಲಿರಬೇಕು. ಕಾಡಿನಿಂದ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ತಿಕ್ಕಿ ಸ್ನಾನ ಮಾಡಲು ಸೌದೆಯೂ ನೀರೂ ಇರುವ ಬಚ್ಚಲು ಪ್ರತಿ ಕೂಲಿ ಕುಟುಂಬಕ್ಕೂ ಇರಬೇಕು. ಕೊಟ್ಟಿಗೆಯ ದನಗಳ ಉಣುಗು ನೋಡಲು ಪಶುವೈದ್ಯರು ಮಳೆಗಾಲದಲ್ಲೇ, ಬೆಳೆದ ಉಣುಗು ಇರುವಾಗಲೇ ಹಳ್ಳಿಗೆ ಬರಬೇಕು. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಒಂದೇ ಒಂದು ಫೋನ್ ಸಂಖ್ಯೆ ಇರಬೇಕು. ಮಂಗ ಸತ್ತರೂ ಅದಕ್ಕೇ, ಮನುಷ್ಯನಿಗೆ ಜ್ವರ ಬಂದರೂ ಅದಕ್ಕೇ. ಆ ಫಲಕದ ತಲೆಬರಹದಲ್ಲಿ ಈಗ ಮಂಗನ ಕಾಯಿಲೆ ಎಂದಿದೆ. ಅಲ್ಲಿ ಉಣುಗು ಜ್ವರ ಎಂದು ಬರೆಸಲು ಒಂದು ಡಬ್ಬಿ ಬಣ್ಣ ಸಾಕು, ಈ ಮಳೆಗಾಲ ಮುಗಿಯುವುದರೊಳಗೆ ಆಗುವ ಕೆಲಸ.